ಕಸ್ತೂರಿಯ ಎಡಗಡೆ

ಅಥವಾ ಆ ಕಣ್ಣಿನಲ್ಲಿ ಬಿಳಿ ಪೊರೆ ಇರಲೇ ಇಲ್ಲವೇನೋ. ನಮ್ಮ ಲಾಯದ ಕುದುರೆ ಕಸ್ತೂರಿಯನ್ನು ನೆನೆಸಿಕೊಂಡರೆ ಅವಳ ಎಡಗಣ್ಣಿನ ಮೇಲೆ ತೆಳು ಮಜ್ಜಿಗೆಯಂಥ ಬಿಳುಪು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಗೆಂದೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಬಿಳುಪು ಇದ್ದಿದ್ದರೆ ನಮ್ಮಲ್ಲಿ ಯಾರಾದರೂ ನೋಡುತ್ತಿದ್ದರು. ಯಾರಿಗೂ ಕಾಣಿಸದೆ ಇದ್ದದ್ದೇ ಆಮೇಲಿನ ಎಲ್ಲದಕ್ಕೂ ಕಾರಣ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದ ದಿನ, ಕಣ್ಣು ಹೊರಗಿನಿಂದ ತೊಳೆದ ಗಾಜಿನಂತಿದೆ, ಹೋಗಿರುವುದು ಹಿಂದಿನ ನರ, ಎಂದು ಹೇಳಿದ್ದೂ ನನಗೆ ನೆನಪಿದೆ. ಎರಡು ನೆನಪೂ ನನ್ನವೇ. ಎರಡೂ ಒಟ್ಟಿಗೆ ನಿಜವಾಗಲಾರವು. ಡಾಕ್ಟರ ಮಾತನ್ನು ಇಟ್ಟುಕೊಳ್ಳುತ್ತೇನೆ. ಬಿಳುಪನ್ನು ನನ್ನ ತಲೆ ಆಮೇಲೆ ಬಳಿದಿರಬೇಕು, ಕುರುಡಿಗೆ ಒಂದು ಗುರುತು ಇರಲಿ ಎಂದು.

ತುಮಕೂರಿನ ಒಂದು ಕಾಲೇಜಿನಲ್ಲಿ ಕುದುರೆ ಪಾಲನೆ ಮತ್ತು ನಿರ್ವಹಣೆ ಎಂಬ ಡಿಪ್ಲೊಮಾ ಕೋರ್ಸಿಗೆ ನಾನು ಪ್ರಾಕ್ಟಿಕಲ್ ಕಲಿಸುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಕಸ್ತೂರಿಯ ಕಥೆಯನ್ನೇ ಹೇಳಿದರು. ಎಲ್ಲರ ಬಾಯಲ್ಲೂ ಅದು ಒಂದೇ ಥರ ಇತ್ತು: ಎಲ್ಲರೂ ಸರಿಯಾದ ಕಡೆಯಿಂದ ಹೋಗಿ ಒದೆ ತಿಂದರು, ಒಬ್ಬಳು ಹುಡುಗಿ ತಪ್ಪು ಕಡೆಯಿಂದ ಹೋದಳು, ಕುದುರೆಗೆ ಒಂದು ಕಣ್ಣು ಕಾಣುವುದಿಲ್ಲವೆಂದು ಗೊತ್ತಾಯಿತು, ಅಲ್ಲಿಂದ ಎಲ್ಲ ಸರಿಹೋಯಿತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದು ಕೂತಾಗ, ಇಷ್ಟು ನೇರವಾಗಿ ಯಾವ ಕೆಲಸ ನಡೆದದ್ದಿದೆ ಎಂದು ಅನುಮಾನವಾಯಿತು. ಈ ಕೋರ್ಸಿಗೆ ಈಗ ಸೇರುತ್ತಿರುವ ಮಕ್ಕಳು ಆ ಕಥೆ ನಂಬಿ ಲಾಯದೊಳಗೆ ಕಾಲಿಟ್ಟರೆ ಕಾಲು ಮುರಿದುಕೊಂಡಾರು. ಆದ್ದರಿಂದ ನಡೆದದ್ದನ್ನು, ನಡೆಯಿತೆಂದು ನಾನು ತಿಳಿದಿರುವುದನ್ನು, ಇಲ್ಲಿ ಇಡುತ್ತಿದ್ದೇನೆ.

ಮೊದಲು ಕೆಲಸ ಎಂಥದ್ದೆಂದು ಹೇಳಬೇಕು. ಸೇರುವವರೆಲ್ಲ ಕುದುರೆ ಹತ್ತಿ ಓಡಿಸುವ ಆಸೆಯಿಂದ ಬರುತ್ತಾರೆ. ತಿಂಗಳುಗಟ್ಟಲೆ ಅವರು ಮಾಡುವುದು ಲದ್ದಿ ಎತ್ತುವ ಕೆಲಸ. ಹುಲ್ಲು ಮೂಸಿ ಬೂಸಲು ಹಿಡಿದಿದೆಯೋ ಇಲ್ಲವೋ ಹೇಳಬೇಕು. ಹುರುಳಿ ನೆನೆಸಬೇಕು, ಗೊರಸಿನ ಸಂದಿಯಿಂದ ಕಲ್ಲು ತೆಗೆಯಬೇಕು, ಮೈ ಉಜ್ಜಬೇಕು. ನಮ್ಮ ಕಡೆಯ ಮಕ್ಕಳು ಹೆಚ್ಚಿನವರು ದನ ಕಟ್ಟಿದ ಮನೆಯವರು. ಹಸುವಿನ ಬೆನ್ನಿಗೆ ಹೊಡೆದಂತೆ ಕುದುರೆಯ ಹಿಂಭಾಗಕ್ಕೆ ಸಲಿಗೆಯಿಂದ ಒಂದು ಏಟು ಕೊಟ್ಟು ಹಿಂದಿನಿಂದ ಹಾದುಹೋಗುತ್ತಾರೆ. ಹಸು ಒದೆಯುವುದು ಪಕ್ಕಕ್ಕೆ, ಕುದುರೆ ಒದೆಯುವುದು ಹಿಂದಕ್ಕೆ. ಇದನ್ನು ಬೋರ್ಡಿನ ಮೇಲೆ ಬರೆದರೆ ನಗುತ್ತಾರೆ.

ಆಮೇಲೆ ಎಡಗಡೆಯ ಪಾಠ. ಕುದುರೆಯ ಎಡಭುಜದ ಹತ್ತಿರ ಹೋಗು, ಎಡಗಡೆ ನಿಂತು ತಲೆಪಟ್ಟಿ, ಅಂದರೆ ಹಾಲ್ಟರ್, ಹಾಕು, ಎಡಗಡೆಯೇ ನಡೆ, ಎಡಗಡೆಯಿಂದಲೇ ಹತ್ತು. ಇದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿದೆ, ಚರ್ಮದ ಸಾಮಾನಿನಲ್ಲೇ ಇದೆ, ಬಕಲ್‌ಗಳೆಲ್ಲ ಎಡಕ್ಕೇ ಇರುತ್ತವೆ. ಯಾಕೆ ಎಂದು ಕೇಳಿದರೆ, ಹಿಂದಿನ ಕಾಲದ ಸಿಪಾಯಿಗಳು ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದರಂತೆ ಎಂದು ನಾನು ಹೇಳುತ್ತಿದ್ದೆ. ಅದನ್ನು ಯಾರಿಂದ ಕೇಳಿದೆನೋ ತಿಳಿಯದು. ನನಗೆ ಮಾತ್ರ ಎಡಗಡೆ ಬಂದದ್ದು ಅಪ್ಪನಿಂದ. ಅವರು ತುಮಕೂರು ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದರು. ನಾನು ಬಲಗಡೆಯಿಂದ ಕುದುರೆಯ ಹತ್ತಿರ ಹೋದರೆ ಚಾವಟಿಯ ಹಿಡಿಯಿಂದ ಮೆಲ್ಲಗೆ ತಳ್ಳಿ ಸುತ್ತು ಹಾಕಿಸುತ್ತಿದ್ದರು. ಮಾತಿಗಿಂತ ಮೊದಲು ಕಲಿತದ್ದನ್ನು ಮನುಷ್ಯ ಪ್ರಶ್ನಿಸುವುದಿಲ್ಲ.

ಕಸ್ತೂರಿ ನಮ್ಮಲ್ಲಿಗೆ ಬಂದದ್ದು ಗುಬ್ಬಿಯಿಂದ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ಸಣ್ಣ ಬಿಳಿ ಚುಕ್ಕೆ. ಮದುವೆ ಮೆರವಣಿಗೆಗಳಲ್ಲಿ ಗಂಡುಗಳನ್ನು ಹೊತ್ತು ಬ್ಯಾಂಡ್‌ಸೆಟ್ಟಿನ ನಡುವೆ ನಡೆದ ಕುದುರೆ. ಇಂಥದಕ್ಕೆ ಮಕ್ಕಳು ಯಾವ ಲೆಕ್ಕ ಎಂದುಕೊಂಡೆವು. ಬಂದ ಕೆಲವೇ ವಾರಗಳಲ್ಲಿ ಅವಳು ತಲೆ ಎಸೆಯತೊಡಗಿದಳು. ಹಾಲ್ಟರ್ ಹಿಡಿದು ಹೋದವರನ್ನು ಗೋಡೆಗೆ ಒತ್ತುತ್ತಿದ್ದಳು. ಒಂದು ದಿನ ಕುಣಿಗಲ್ಲಿನ ಹುಡುಗ ಮನೋಜನನ್ನು ಭುಜದಿಂದ ಗುದ್ದಿ ಕಂಬಕ್ಕೆ ಬಿಸಾಡಿದಳು. ಅವನ ಕತ್ತಿನ ಕೆಳಗಿನ ಮೂಳೆ ಬಿರುಕು ಬಿಟ್ಟಿತು.

ಕೈಗೆ ಜೋಲಿ ಕಟ್ಟಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮನೋಜ ಹೇಳಿದ: "ಮೇಡಂ, ಅದು ಬೇಕೂಂತ್ಲೇ ಮಾಡಿದ್ದು. ನನ್ ಮುಖ ನೋಡ್ಬುಟ್ಟು ಗುದ್ತು."

"ನಿನ್ ಮುಖ ನೋಡಿದ್ರೆ ನಮಗೂ ಹಂಗೇ ಅನ್ಸುತ್ತೆ ಕಣೋ," ಎಂದಳು ಜೊತೆಗೆ ಬಂದಿದ್ದ ಚೈತ್ರಾ. ಅವಳು ಗುಬ್ಬಿ ಹತ್ತಿರದ ಹಳ್ಳಿಯ ಹುಡುಗಿ, ಮನೋಜನದೇ ತರಗತಿ. ಅಪ್ಪ ತುಮಕೂರಿನ ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಅವ್ವ ಎಮ್ಮೆ ಸಾಕಿದ್ದಳು. ಬಾಯಿ ಮುಚ್ಚಿ ಕೆಲಸ ಮಾಡುವುದು ಚೈತ್ರಾಳಿಗೆ ಬರುತ್ತಿರಲಿಲ್ಲ.

ಮಾರನೆಯ ದಿನ ಕಾಲೇಜಿನ ಆಡಳಿತ ಸಮಿತಿಯ ಕಾರ್ಯದರ್ಶಿ ರುದ್ರಪ್ಪನವರು ಲಾಯಕ್ಕೆ ಬಂದರು. ಕೊಬ್ಬರಿ ಮಂಡಿಯವರು, ಹಣೆತುಂಬ ವಿಭೂತಿ, ಬಿಳಿ ಷರಟು. ಕೆಟ್ಟವರಲ್ಲ. ಈ ಕೋರ್ಸು ಶುರುವಾಗಲು ಸಮಿತಿಯಲ್ಲಿ ಜಗಳವಾಡಿದವರೇ ಅವರು. ದೂರ ನಿಂತು ಕಸ್ತೂರಿಯ ಹಣೆಯನ್ನು ಬಹಳ ಹೊತ್ತು ನೋಡಿದರು.

"ಮೇಡಂ, ಇದರ ಹಣೇಲಿ ಜೋಡಿ ಸುಳಿ ಐತೆ. ನೋಡಿದ್ರಾ?"

"ನೋಡಿದೀನಿ ಸಾರ್. ಕೂದಲು ತಿರುಗಿರೋದು ಅಷ್ಟೆ."

"ನಿಮಗೆ ಅಷ್ಟೆ. ನಮ್ಮಪ್ಪ ಇದ್ದಿದ್ರೆ ಈ ಕುದುರೇನ ಗೇಟ್ ಒಳಕ್ಕೇ ಬಿಡ್ತಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು. "ಸುಳಿ ಬುಡಿ. ಹೆತ್ತೋರ್ ಮಕ್ಕಳು. ಇನ್ನೊಂದ್ ಸಲ ಹಿಂಗಾದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಮೆರವಣಿಗೆಯವರು ಒಬ್ಬರು ಕೇಳ್ತಾವ್ರೆ, ಕೊಟ್ಬುಡೋಣ."

ಕೊಟ್ಟರೆ ಅವಳು ಮತ್ತೆ ಪಟಾಕಿ ಮತ್ತು ಜನಜಂಗುಳಿಯ ನಡುವಿಗೇ ಹೋಗುತ್ತಾಳೆ. ಮನೋಜನನ್ನು ಗುದ್ದಿದ್ದು ಅಲ್ಲಿ ಯಾರದೋ ಮಗುವನ್ನು ಗುದ್ದುತ್ತದೆ. ಆಮೇಲೆ ಅವಳಿಗೆ ಬೀಳುವ ಏಟುಗಳನ್ನು ಕೇಳುವವರಿಲ್ಲ. ಕೊಡಬೇಡಿ, ವಾರ್ಷಿಕ ಪ್ರಾಕ್ಟಿಕಲ್ ಪರೀಕ್ಷೆಯ ತನಕ ನನಗೆ ಬಿಡಿ, ಎಂದೆ. ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಮುಂದೆ ವಿದ್ಯಾರ್ಥಿಯೊಬ್ಬರು ಅವಳಿಗೆ ಹಾಲ್ಟರ್ ಹಾಕಿ ನಡೆಸಿಕೊಂಡು ಬರಬೇಕು. ಆಗದಿದ್ದರೆ ನಾನೇ ಅವಳನ್ನು ಲಾರಿ ಹತ್ತಿಸುತ್ತೇನೆ. ರುದ್ರಪ್ಪನವರು ಒಪ್ಪಿದರು, ಒಂದು ಷರತ್ತಿನ ಮೇಲೆ: ನಡುವೆ ಇನ್ನೊಂದು ಮಗುವಿಗೆ ಏಟಾದರೆ ಪರೀಕ್ಷೆ ಕಾಯುವ ಹಾಗಿಲ್ಲ.

ಆಗ ನಾವು ಮಾಡಿದ್ದೇನು? ಶಿಸ್ತು ಹೆಚ್ಚಿಸಿದೆವು. ಪಾಠ ತಿಳಿದವರು ಮಾತ್ರ ಮಾಡಬಲ್ಲ ತಪ್ಪು ಅದು. ಮಕ್ಕಳನ್ನು ದೂರವಿಟ್ಟು, ನಾನು ಮತ್ತು ನನ್ನ ಜೊತೆಯ ಇಬ್ಬರು ಸಹಾಯಕರು ಸರದಿಯ ಮೇಲೆ ಅವಳ ಹತ್ತಿರ ಹೋದೆವು. ಸದ್ದಿಲ್ಲದೆ, ಮೆಲ್ಲಗೆ, ಪುಸ್ತಕದಲ್ಲಿರುವಂತೆ ಎಡಭುಜಕ್ಕೆ. ಅವಳು ತಲೆ ಎಸೆದರೆ ಹಗ್ಗ ಗಿಡ್ಡ ಮಾಡಿದೆವು. ಎಷ್ಟು ಮೆಲ್ಲಗೆ ಹೋದೆವೋ ಅಷ್ಟು ಜೋರಾಗಿ ಬೆಚ್ಚಿದಳು. ಕುದುರೆಗೆ ಮೊಂಡುತನ ಬಂದರೆ ಹೀಗೇ ಎಂದು ಮೂವರೂ ತಲೆಯಾಡಿಸಿದೆವು. ಬೇರೆ ಬೇರೆ ಕಡೆ ಕಲಿತಿದ್ದ ನಮ್ಮಲ್ಲಿ ಒಬ್ಬರ ಕಾಲೂ ಬಲಗಡೆಗೆ ತಿರುಗಲಿಲ್ಲ.

ಇನ್ನು ಚೈತ್ರಾ. ಇಲ್ಲಿ ಮೂರು ಕಥೆಗಳಿವೆ. ಬೀಳ್ಕೊಡುಗೆಯಲ್ಲಿ ಹೇಳಿದ ಪ್ರಕಾರ, ಅವಳು ಬಲಗಡೆ ನಿಂತು ಕಸ್ತೂರಿಯ ಮೈ ಉಜ್ಜುತ್ತಿದ್ದಳು, ನಾನು ನೋಡಿ ತಕ್ಷಣ ಎಲ್ಲ ಅರ್ಥಮಾಡಿಕೊಂಡೆ. ಮನೋಜನ ಪ್ರಕಾರ, ಚೈತ್ರಾಳನ್ನು ಅಲ್ಲಿಗೆ ಕಳಿಸಿದ್ದೇ ಅವನು, ಹಲ್ಲು ಉದುರಿಸಿಕೊಂಡು ಬರಲಿ ಎಂದು. ನನಗೆ ನೆನಪಿರುವುದು ನನ್ನ ದನಿ ಮಾತ್ರ. ದೂರವಿರು ಅಂದ ಕುದುರೆಯ ಹತ್ತಿರ ಹೋಗಿದ್ದಾಳೆ, ಅದೂ ತಪ್ಪು ಕಡೆ, ಎಂದು ಜೋರಾಗಿ ಕೂಗಿದೆ.

"ಯಾವ ಕಡೆ ನಿಂತಿದೀಯ?"

"ಈ ಕಡೆ ಮೇಡಂ."

"ಈ ಕಡೆ ಅಂದ್ರೆ ಯಾವ ಕಡೆ?"

"ನಮ್ಮವ್ವ ಎಮ್ಮೆ ಕರಿಯೋದು ಈ ಕಡೆ ಕೂತ್ಕೊಂಡು. ಕಾಲು ತಾನಾಗೇ ಬಂದ್ಬುಡುತ್ತೆ ಮೇಡಂ. ಈಗೇನು, ಅತ್ಲಾಗ್ ಬರ್ಲಾ?"

ಬಂದಳು. ಬಂದ ಕೂಡಲೆ ಕಸ್ತೂರಿ ತಲೆ ಎಸೆದಳು. ಚೈತ್ರಾ ಹಿಂದೆ ಸರಿದು ಮತ್ತೆ ಬಲಕ್ಕೆ ಹೋದಳು. ಕುದುರೆ ತಣ್ಣಗಾಯಿತು. ಅಷ್ಟಾದರೂ ನನಗೆ ಹೊಳೆದದ್ದು ಕಣ್ಣಲ್ಲ, ಎಡಭುಜದಲ್ಲಿ ನೋವಿರಬಹುದು ಎಂದು. ಅಲ್ಲಿ ಒತ್ತಿ ನೋಡುತ್ತ, ಬಿಸಿ ಕಾವು ಕೊಡುತ್ತ ಎಷ್ಟೋ ದಿನ ಕಳೆದವು. ಕೊನೆಗೆ ಥಿಯರಿ ಪಾಠಕ್ಕೆ ಬರುತ್ತಿದ್ದ ಪಶುವೈದ್ಯರು ಒಂದು ಮಧ್ಯಾಹ್ನ ಟಾರ್ಚ್ ಹಿಡಿದು ಎಡಗಣ್ಣಿಗೆ ಬೆಳಕು ಬಿಟ್ಟರು. ಪಾಪೆ ಕುಗ್ಗಲಿಲ್ಲ. ಕೈಯನ್ನು ಕಣ್ಣಿನ ಹತ್ತಿರಕ್ಕೆ ತಂದರು. ರೆಪ್ಪೆ ಮಿಟುಕಲಿಲ್ಲ. ಬಲಗಣ್ಣಿಗೆ ತಂದರು, ಮಿಟುಕಿತು. ತಲೆಗೆ ಎಂದೋ ಪೆಟ್ಟು ಬಿದ್ದಿರಬಹುದು ಎಂದರು. ಅಂದರೆ ನಾವು ದಿನವೂ ಸದ್ದು ಮಾಡದೆ ಅವಳಿಗೆ ಕಾಣದ ಕಡೆಯಿಂದ ಹೋಗಿ ಮೈ ಮುಟ್ಟುತ್ತಿದ್ದೆವು. ಕತ್ತಲೆಯೊಳಗಿಂದ ಒಂದು ಕೈ.

ಆ ಸಂಜೆ ಮನೋಜ ಲಾಯದ ಬಾಗಿಲಲ್ಲಿ ನಿಂತಿದ್ದ. "ಹಂಗಾದ್ರೆ ನನ್ ಮುಖ ನೋಡೇ ಇಲ್ವಾ ಮೇಡಂ ಅದು?" ಎಂದ. ಸಮಾಧಾನವೋ ಬೇಜಾರೋ ಹೇಳುವುದು ಕಷ್ಟವಿತ್ತು.

ರುದ್ರಪ್ಪನವರಿಗೆ ಹೇಳಿದಾಗ ನಾನು ನಿರೀಕ್ಷಿಸಿದ ಸಮಾಧಾನ ಕಾಣಲಿಲ್ಲ. "ಮೊದ್ಲು ಮೊಂಡು ಅಂದ್ರಿ, ಈಗ ಕುರುಡು ಅಂತೀರಿ. ಮೊಂಡಾಗಿದ್ರೆ ಬುದ್ಧಿ ಹೇಳ್ಬೋದಿತ್ತು." ಅವರ ಮಾತಿನಲ್ಲಿ ನ್ಯಾಯವಿತ್ತು. ಕಾರಣ ಗೊತ್ತಾದರೆ ಅಪಾಯ ಹೋಗುವುದಿಲ್ಲ. ಷರತ್ತು ಹಾಗೇ ಉಳಿಯಿತು.

ಯಾವಾಗಿನಿಂದ ಕಾಣುವುದಿಲ್ಲವೆಂದು ತಿಳಿದರೆ ಕಲಿಸುವ ದಾರಿ ಸಿಗಬಹುದೆಂದು ನಾನು ಗುಬ್ಬಿಗೆ ಹೋದೆ, ಅವಳ ಹಳೆಯ ಯಜಮಾನರ ಮನೆಗೆ. ಅಂಗಳದಲ್ಲಿ ಬೇರೆ ಎರಡು ಕುದುರೆಗಳಿದ್ದವು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ಕಡೆಯಿಂದ ಹೆಲಿಕಾಪ್ಟರ್ ಒಂದು ಮನೆಯ ಮೇಲೆಯೇ ಹಾದುಹೋಯಿತು. ಕುದುರೆಗಳು ಹುಲ್ಲಿನಿಂದ ತಲೆ ಎತ್ತಲಿಲ್ಲ.

"ನಮ್ ತಾವ ಇದ್ದಾಗ ಚಿನ್ನದಂಗಿದ್ಲು ಕಣಮ್ಮ," ಎಂದರು ಯಜಮಾನರು. "ಬೇಕಾದ್ರೆ ನೀವೇ ನೋಡಿ." ಫೋನ್ ತೆಗೆದು ಮದುವೆಯೊಂದರ ವಿಡಿಯೋ ತೋರಿಸಿದರು. ಬ್ಯಾಂಡು, ಕುಣಿತ, ಮೇಲೆ ಪೇಟ ಕಟ್ಟಿದ ಗಂಡು, ಕೆಳಗೆ ಕಸ್ತೂರಿ. ಹಗ್ಗ ಹಿಡಿದವನು ಅವಳ ಬಲಗಡೆ ನಡೆಯುತ್ತಿದ್ದ. ನಿಲ್ಲಿಸಿ ಮತ್ತೆ ನೋಡಿದೆ. ಎಡಗಡೆಗೆ ಬ್ಯಾಂಡಿನವರು ಒತ್ತಾಗಿದ್ದರು, ಗಲ್ಲಿ ಕಿರಿದಾಗಿತ್ತು, ಅಲ್ಲಿ ಕಾಲಿಡಲು ಜಾಗವೇ ಇರಲಿಲ್ಲ.

"ಇವನು ಯಾವಾಗಲೂ ಬಲಗಡೇನೇ ಹಿಡೀತಿದ್ನಾ?"

"ಅದ್ಯಾರ್ ನೋಡವ್ರೆ ತಾಯಿ. ಜಾಗ ಇದ್ದ ಕಡೆ ಹಿಡೀತಾನೆ."

ಹಗ್ಗ ಹಿಡಿದವನು ಕೆಲಸ ಬಿಟ್ಟು ಊರು ಬಿಟ್ಟಿದ್ದ. ಅವನಿಗೆ ಗೊತ್ತಿತ್ತೇ, ಜಾಗವಿಲ್ಲದೆ ಅಲ್ಲಿ ನಡೆದನೇ, ವಿಡಿಯೋ ಹೇಳುವುದಿಲ್ಲ. ಬರಿಗೈಯಲ್ಲಿ ಬಂದೆ.

ಹೋದದ್ದು ಹೋಗಲಿ, ಮುಂದಿನದನ್ನು ಮಾಡೋಣ ಎಂದು ನಿರ್ಧರಿಸಿದೆ. ಕಾಣುವ ಕಡೆಯಿಂದಲೇ ಎಲ್ಲ ಮಾಡುವುದು: ಬಲಗಡೆಯಿಂದ ಹೋಗು, ಬಲಗಡೆ ಹಾಲ್ಟರ್ ಹಾಕು, ಬಲಗಡೆ ನಡೆ. ಹೇಳುವುದು ಸುಲಭ. ನನ್ನ ಕೈಗಳು ದಂಗೆಯೆದ್ದವು. ಎಡದಲ್ಲಿ ಕಣ್ಣು ಕಟ್ಟಿಕೊಂಡೂ ಹಾಕುವ ಗಂಟು ಬಲಗಡೆಯಿಂದ ಬರುತ್ತಿರಲಿಲ್ಲ. ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿ ಕಿರುಬೆರಳಿರುತ್ತಿತ್ತು. ಮಕ್ಕಳು ನಗು ತಡೆಯಲು ಹುಲ್ಲಿನ ರಾಶಿಯ ಹಿಂದೆ ಹೋಗುತ್ತಿದ್ದರು. ನಾನು ಹಟಮಾರಿ. ಮನೆಗೆ ಹೋಗಿ ಕುರ್ಚಿಯ ಬೆನ್ನಿಗೆ ಹಾಲ್ಟರ್ ಹಾಕಿ ತೆಗೆದು ಅಭ್ಯಾಸ ಮಾಡಿದೆ. ಬಕಲ್ ಎಡಕ್ಕಿದ್ದದ್ದು ದೊಡ್ಡ ತೊಡಕಾಗಿತ್ತು. ಶಿರಾ ಗೇಟ್ ಹತ್ತಿರ ಬ್ಯಾಗು ಬೆಲ್ಟು ರಿಪೇರಿ ಮಾಡುವ ಅಂಗಡಿಗೆ ಹಾಲ್ಟರ್ ಒಯ್ದು ಬಕಲನ್ನು ಆ ಪಕ್ಕಕ್ಕೆ ಹೊಲಿದುಕೊಡಿ ಎಂದೆ. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ತಲೆಕೆಳಗ್ ಹಾಕುದ್ರೆ ಆಗಲ್ವಾ ಮೇಡಂ?" ಎಂದ. ಕುದುರೆಯ ತಲೆ ಹೇಗಿರುತ್ತದೆಂದು ಅವನಿಗೆ ವಿವರಿಸುವಷ್ಟರಲ್ಲಿ ಅಂಗಡಿಯ ಮುಂದೆ ಒಂದಿಷ್ಟು ಜನ ಸೇರಿದ್ದರು.

ಬೀಳ್ಕೊಡುಗೆಯ ಕಥೆ ಇಲ್ಲಿಗೆ ಮುಗಿಯುತ್ತದೆ. ಬಲಗಡೆಯಿಂದ ಹೋದರು, ಎಲ್ಲ ಸರಿಹೋಯಿತು. ಸರಿಹೋಗಲಿಲ್ಲ. ಲಾಯದೊಳಗೆ ಅವಳು ಶಾಂತಳಾದದ್ದು ನಿಜ. ಆದರೆ ಒಂದು ಬೆಳಿಗ್ಗೆ ಚೈತ್ರಾ ಅವಳ ಬಲಗಡೆ ನಡೆಯುತ್ತ ಕಾಂಪೌಂಡ್ ಪಕ್ಕದಲ್ಲಿ ಕರೆದುಕೊಂಡು ಬರುತ್ತಿದ್ದಳು. ಎಡಗಡೆಯ ರಸ್ತೆಯಿಂದ ಟೆಂಪೋ ಒಂದು ಹಾರ್ನ್ ಹೊಡೆಯಿತು. ಕಾಣದ ಕಡೆಯಿಂದ ಸದ್ದು ಬಂದರೆ ಕುದುರೆ ಕಾಣುವ ಕಡೆಗೆ ಹಾರುತ್ತದೆ. ಕಾಣುವ ಕಡೆಯಲ್ಲಿ ಚೈತ್ರಾ ಇದ್ದಳು. ಅವಳು ಬಲಗಡೆಯ ಬೇಲಿಗೆ ಬಿದ್ದಳು. ಮೊಣಕೈ ತರಚಿತು. ಅದಕ್ಕಿಂತ ಹೆಚ್ಚಾಗಲಿಲ್ಲ, ಆಗಬಹುದಿತ್ತು.

ಚೈತ್ರಾ ಎದ್ದು ಮೊಣಕೈ ಊದಿಕೊಂಡಳು. "ಮೇಡಂ, ರುದ್ರಪ್ಪನೋರಿಗೆ ಹೇಳ್ತೀರಾ?"

"ಹೇಳ್ಲೇಬೇಕು."

"ಹೇಳಿದ್ರೆ ಕಳಿಸ್ಬುಡ್ತಾರೆ."

"ಗೊತ್ತು."

ಹೇಳಿದೆ. ಮಕ್ಕಳಿಗೆ ಏಟಾದದ್ದನ್ನು ಮುಚ್ಚಿಟ್ಟು ಕುದುರೆ ಉಳಿಸಿಕೊಳ್ಳುವವರು ಈ ಕೆಲಸಕ್ಕೆ ಬರಬಾರದು. ರುದ್ರಪ್ಪನವರು ಚೈತ್ರಾಳನ್ನೇ ಕರೆಸಿ ಕೈ ನೋಡಿದರು. ಅವಳು, "ಇದು ಏಟಲ್ಲ ಸಾರ್, ನಮ್ಮ ಎಮ್ಮೆ ಇದಕ್ಕಿಂತ ಜೋರಾಗ್ ಬಾಲ ಬೀಸುತ್ತೆ," ಎಂದಳು. ಅವರು ಅವಳ ಕೈ ಬಿಟ್ಟು, "ಪರೀಕ್ಷೆ ತನಕ ಅಂತ ಮಾತು ಕೊಟ್ಟಿದ್ದೆ. ಇದು ಕೊನೇದು," ಎಂದರು.

ಆ ವಾರ ಕುಣಿಗಲ್ಲಿಗೆ ಹೋದೆ. ಅಲ್ಲಿ ತೋಟವೊಂದರಲ್ಲಿ ಸ್ವಂತ ಕುದುರೆ ಇಟ್ಟುಕೊಂಡು ಸವಾರಿ ಕಲಿಸುತ್ತಿದ್ದ ಒಬ್ಬ ತರಬೇತುದಾರನ ಬಗ್ಗೆ ಕೇಳಿದ್ದೆ. ದೊಡ್ಡ ಮಾತಿನ ಮನುಷ್ಯ. ಒಂಟಿಕಣ್ಣಿನ ಕುದುರೆಯ ಮೇಲೆ ಕೂತು ಕಾಲುವೆ ಹಾರಿಸಿದ್ದೇನೆ ಎಂದ. ಕಾಣದ ಕಣ್ಣಿಗೆ ಕೆಂಪು ಬಟ್ಟೆ ಕಟ್ಟಿ, ಶಾಂತವಾಗುತ್ತದೆ ಎಂದ. ಕಟ್ಟಿ ನೋಡಿದೆ, ಮೈ ಕೊಡವಿ ಕಿತ್ತುಹಾಕಿದಳು. ಆದರೆ ಮಾತಿನ ನಡುವೆ, "ಕುರುಡು ಕಡೆ ನೀವೇ ನಡೀಬೇಕು ಮೇಡಂ, ಆ ಕಡೆ ಖಾಲಿ ಬಿಡಬಾರದು," ಎಂದೂ ಹೇಳಿದ್ದ. ಅವನ ಮಾತಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಆದರೆ ಕಾಣದ ಕಡೆ ನಡೆಯುವುದೆಂದರೆ ನಾವು ಶುರುಮಾಡಿದ ಎಡಗಡೆಗೇ ವಾಪಸಾಗುವುದು.

ಹೇಗೆ ಹೋಗುವುದೆಂಬುದು ಉಳಿಯಿತು. ಚೈತ್ರಾ ಕಸ್ತೂರಿಯ ಹತ್ತಿರ ಹೋದಾಗಲೆಲ್ಲ ಬಾಯಿ ಬಡಿಯುತ್ತಲೇ ಇರುತ್ತಾಳೆಂದು ನಾನು ಗಮನಿಸಿದ್ದು ಆಮೇಲೆ. ಅಥವಾ ಮನೋಜ ಹೇಳಿದನೋ, "ಇವಳ ವಟವಟ ಕೇಳ್ಕೊಂಡೇ ಅದು ಸುಮ್ನೆ ನಿಂತ್ಕೊಳೋದು" ಎಂದು. ಯಾರು ಹೇಳಿದ್ದೆಂದು ನಮ್ಮಲ್ಲಿ ಇನ್ನೂ ತಕರಾರಿದೆ. ನಾನು ವರ್ಷಗಟ್ಟಲೆ ಲಾಯದಲ್ಲಿ ಮಾತು ಬೇಡ ಎಂದು ಕಲಿಸಿದವಳು. ಅದನ್ನು ಬಿಟ್ಟೆ. ಹೊಸ ಪದ್ಧತಿ ಹೀಗಾಯಿತು: ಬಾಗಿಲಿನಿಂದಲೇ ಮಾತು ಶುರುಮಾಡು. ಏನು ಮಾತಾದರೂ ಸರಿ, ನಿಲ್ಲಿಸಬೇಡ. ಮುಟ್ಟುವ ಮೊದಲು ಮುಟ್ಟುತ್ತೇನೆ ಎನ್ನು. ಮುಟ್ಟಿದ ಮೇಲೆ ಕೈ ತೆಗೆಯಬೇಡ. ಎಡಗಡೆ ನಡೆಯುತ್ತ ಭುಜಕ್ಕೆ ಮೊಣಕೈ ತಾಗಿಸಿಕೊಂಡೇ ಇರು. ಬಕಲನ್ನು ಮತ್ತೆ ಎಡಕ್ಕೆ ಹೊಲಿಸಲು ಶಿರಾ ಗೇಟಿಗೆ ಹೋದಾಗ ಅಂಗಡಿಯವನು ಏನೂ ಕೇಳಲಿಲ್ಲ.

ತರಗತಿಯವರೆಲ್ಲ ಮಾತಾಡಲು ಕಲಿತರು. ನಾಚಿಕೆಯವರು ಮಗ್ಗಿ ಹೇಳಿದರು. ಮನೋಜ ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದ. ಮೊದಮೊದಲು ದೂರದಿಂದಲೇ ಹೇಳುತ್ತಿದ್ದ, ಮೂಳೆ ಕೂಡಿದ್ದರೂ ಹೆದರಿಕೆ ಹೋಗಿರಲಿಲ್ಲ. ಅವನು ಅವಳ ಎಡಭುಜ ಮುಟ್ಟಿದ ದಿನ ಯಾರೂ ಚಪ್ಪಾಳೆ ತಟ್ಟಬಾರದೆಂದು ಹೇಳಿದ್ದೆ. ಯಾರೂ ತಟ್ಟಲಿಲ್ಲ.

ಪರೀಕ್ಷೆಗೆ ಬೆಂಗಳೂರಿನಿಂದ ಬಂದವರು ವಯಸ್ಸಾದ, ನೆಟ್ಟಗೆ ನಿಲ್ಲುವ ಮನುಷ್ಯ. ಕುದುರೆಯ ವಿಷಯ ಮೊದಲೇ ತಿಳಿಸಿದ್ದೆ. ತಲೆಯಾಡಿಸಿದರು, ಅಷ್ಟೆ. ರುದ್ರಪ್ಪನವರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಸ್ತೂರಿಯನ್ನು ನಡೆಸಲು ಚೈತ್ರಾಳ ಹೆಸರು ಬಂತು.

ಅವಳು ಬಾಗಿಲಿನ ಹತ್ತಿರವೇ ಶುರುಮಾಡಿದಳು. "ಬಂದೆ ಕಣೇ, ನಾನೇ. ಗುಬ್ಬಿ ಬಸ್ಸಲ್ಲಿ ಸೀಟೇ ಸಿಗ್ಲಿಲ್ಲ ಗೊತ್ತಾ, ನಿಂತ್ಕೊಂಡೇ ಬಂದೆ. ನಮ್ಮವ್ವ ಚಿತ್ರಾನ್ನ ಕಟ್ಟವ್ಳೆ, ನಿಂಗಿಲ್ಲ."

"ಪರೀಕ್ಷೇಲಿ ಕುದುರೆ ಜೊತೆ ಸಂಸಾರ ಮಾಡ್ತಿದಾಳಲ್ಲ ಈ ಹುಡುಗಿ," ಎಂದರು ಪರೀಕ್ಷಕರು.

"ಕಾಣ್ದೇ ಇರೋರ್ ಹತ್ರ ಮಾತಾಡ್ದೆ ಹೋದ್ರೆ ಕಳ್ಳರು ಅಂದ್ಕೋತಾರೆ ಸಾರ್," ಎಂದು ಅವಳು ತಿರುಗದೆಯೇ ಹೇಳಿ ಮುಂದುವರಿದಳು. "ಈಗ ಭುಜ ಮುಟ್ತೀನಿ. ಮುಟ್ಟಿದೆ ನೋಡು."

ಕಸ್ತೂರಿಯ ಚರ್ಮ ಒಮ್ಮೆ ನಡುಗಿತು. ರುದ್ರಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ನಾನು ಏನು ಮಾಡಿದೆನೋ ಗೊತ್ತಿಲ್ಲ. ಹಾಲ್ಟರ್ ಮೂಗಿನ ಮೇಲೆ ಹೋಯಿತು, ಬಕಲ್ ಕೂತಿತು. ಚೈತ್ರಾ ಅವಳನ್ನು ಹೊರಗೆ ತಂದು ಕಾಂಪೌಂಡಿನ ಉದ್ದಕ್ಕೂ ನಡೆಸಿದಳು, ಮೊಣಕೈ ತಾಗಿಸಿಕೊಂಡು, ಬಸ್ಸಿನ ಕಂಡಕ್ಟರನ ದೂರು ಹೇಳಿಕೊಂಡು. ರಸ್ತೆಯಲ್ಲಿ ಆಟೋಗಳು ಹಾರ್ನ್ ಹೊಡೆದವು. ಕಸ್ತೂರಿ ಒಂದೆರಡು ಸಲ ಬಿಗಿಯಾದಳು, ಹಾರಲಿಲ್ಲ. ತಿರುಗಿಸಿ ವಾಪಸು ತಂದಳು, ಕಟ್ಟಿದಳು. ಪರೀಕ್ಷಕರು ಅಂಕ ಬರೆದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಹುಡುಗಿ ಪಾಸು, ಅದರಲ್ಲಿ ಮಾತಿಲ್ಲ. ಆದರೆ ಆ ಎಡಗಿವಿ ನೋಡಿ ಮೇಡಂ. ನಾನು ಬಂದಾಗಿನಿಂದ ಒಂದು ಸಲಾನೂ ಮುಂದಕ್ಕೆ ತಿರುಗಿಲ್ಲ. ಆ ಕಡೆಗೇ ನೆಟ್ಟಿದೆ."

"ನಮ್ಮ ಮಾತು ಕೇಳ್ತಾ ಇದಾಳೆ ಸಾರ್."

"ಕೇಳ್ತಾ ಇದಾಳೋ, ಏಟು ಯಾವಾಗ ಬೀಳುತ್ತೆ ಅಂತ ಕಾಯ್ತಾ ಇದಾಳೋ?"

"ಗೊತ್ತಿಲ್ಲ ಸಾರ್."

"ನಂಗೂ ಗೊತ್ತಿಲ್ಲ," ಎಂದು ಅವರು ರುದ್ರಪ್ಪನವರ ಕಡೆ ನಡೆದರು. ಇಬ್ಬರೂ ಏನೋ ಮಾತಾಡಿದರು. ರುದ್ರಪ್ಪನವರು ಹೊರಡುವಾಗ ನನ್ನ ಮುಂದೆ ನಿಂತರು. "ಸುಳಿ ಮಾತ್ರ ಸುಳೀನೇ ಮೇಡಂ, ನಾನದನ್ನ ಬಿಡಲ್ಲ. ಇರ್ಲಿ ಬುಡಿ, ಇಟ್ಕೊಳ್ಳಿ. ನಮ್ ಮನೇಲೂ ಅಂಥೋರು ಇಲ್ವಾ."

ಕಸ್ತೂರಿ ಉಳಿದಳು. ಆಮೇಲಿನ ತಂಡಗಳೆಲ್ಲ ಅವಳಿಂದಲೇ ಎಡಗಡೆ ಕಲಿತವು, ಎಡಗಡೆ ಯಾಕೆಂದು ಕೇಳುವುದನ್ನೂ ಕಲಿತವು. ಒಬ್ಬರಿಗೂ ಮತ್ತೆ ಏಟಾಗಲಿಲ್ಲ. ನಾನು ಪಟ್ಟ ಹಟಕ್ಕೆ ಪಶ್ಚಾತ್ತಾಪವಿಲ್ಲ. ಮತ್ತೆ ಮಾಡಬೇಕಾಗಿ ಬಂದರೆ ಮತ್ತೆ ಮಾಡುತ್ತೇನೆ.

ಆದರೆ ಪರೀಕ್ಷಕರು ಕೇಳಿದ ಮೇಲೆ ನನಗೆ ಆ ಕಿವಿಯನ್ನು ನೋಡದೆ ಇರಲಾಗಲಿಲ್ಲ. ಯಾರೂ ಹತ್ತಿರವಿಲ್ಲದಾಗ ಕಿಟಕಿಯಿಂದ ನೋಡಿದ್ದೇನೆ, ಅವಳು ಹುಲ್ಲು ತಿನ್ನುವಾಗ ನೋಡಿದ್ದೇನೆ, ನಿಂತಲ್ಲೇ ತೂಕಡಿಸುವಾಗಲೂ ನೋಡಿದ್ದೇನೆ. ಅದು ಎಡಕ್ಕೇ ಇರುತ್ತಿತ್ತು. ನೀವು ಈ ಕೆಲಸಕ್ಕೆ ಬಂದರೆ ಸುಮ್ಮನೆ ನಿಂತ ಕುದುರೆಯನ್ನು ತೋರಿಸಿ, ನಂಬಿಕೆ ಬಂದಿದೆ ಎಂದು ಯಾರಾದರೂ ನಿಮಗೆ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಅವಳು ನಮ್ಮನ್ನು ನಂಬಿ ನಿಂತಳೋ, ಹೋಗಲು ಬೇರೆ ಕಡೆ ಇಲ್ಲವೆಂದು ನಿಂತಳೋ, ಅಷ್ಟು ವರ್ಷ ದಿನವೂ ಅವಳ ಪಕ್ಕದಲ್ಲಿದ್ದು ನನಗೆ ತಿಳಿಯಲಿಲ್ಲ. ಈಗಲೂ ಗೊತ್ತಿಲ್ಲ.